ನೋಟಿನ ಮೇಲಿನ ವಚನ

ಹತ್ತು ರೂಪಾಯಿಯ ನಾಣ್ಯ ಕೊಟ್ಟಾಗ 'ಇದು ನಡೆಯೋದಿಲ್ಲ, ನೋಟು ಕೊಡಿ' ಎಂಬ ಮಾತು ಕೇಳದ ಗ್ರಾಹಕರು ಕರ್ನಾಟಕದಲ್ಲಿ ಕಡಿಮೆ. ತರಕಾರಿ ಅಂಗಡಿಯಲ್ಲಿ, ಆಟೋದಲ್ಲಿ, ಹಳ್ಳಿಯ ಚಹಾದಂಗಡಿಯಲ್ಲಿ ಎಲ್ಲೆಡೆ ಇದೇ ಕತೆ. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಎನ್ನುತ್ತಾರೆ. ಇನ್ನೊಬ್ಬರು ಹದಿನೈದು ಗೆರೆಗಳಿರುವುದು ಖೋಟಾ, ಹತ್ತು ಗೆರೆಗಳಿರುವುದೇ ಅಸಲಿ ಎನ್ನುತ್ತಾರೆ. ಮೂರನೆಯವರಿಗೆ ಯಾವ ಕಾರಣವೂ ಬೇಕಿಲ್ಲ. 'ನಾನು ತೊಗೊಂಡರೂ ಮುಂದಿನವರು ತೊಗೊಳ್ಳೋದಿಲ್ಲ' ಎಂದು ಹೇಳಿ ಮಾತು ಮುಗಿಸುತ್ತಾರೆ.

ಭಾರತೀಯ ರಿಸರ್ವ್ ಬ್ಯಾಂಕ್ ಈ ಬಗ್ಗೆ ಮತ್ತೆ ಮತ್ತೆ ಸ್ಪಷ್ಟನೆ ನೀಡಿದೆ. 2018ರ ಜನವರಿಯಲ್ಲಿ ಹೊರಡಿಸಿದ ಪ್ರಕಟಣೆಯಲ್ಲಿ, ಅದುವರೆಗೆ ಬಂದ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಕಾನೂನುಬದ್ಧ ಎಂದು ಹೇಳಿತು. ರೂಪಾಯಿ ಚಿಹ್ನೆ ಜಾರಿಗೆ ಬಂದದ್ದೇ 2010ರಲ್ಲಿ. ಅದಕ್ಕಿಂತ ಹಿಂದೆ ಟಂಕಿಸಿದ ನಾಣ್ಯದ ಮೇಲೆ ಆ ಚಿಹ್ನೆ ಇರುವುದಾದರೂ ಹೇಗೆ? ಫೋನ್ ಮಾಡಿ ವಿಚಾರಿಸಲು ಉಚಿತ ಸಂಖ್ಯೆಯ ವ್ಯವಸ್ಥೆಯೂ ಆಯಿತು. ಆದರೂ ಅನೇಕ ಊರುಗಳಲ್ಲಿ ಅಂಗಡಿಯವನ ಕೈ ಮುಂದೆ ಬರಲಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಅದೇ ಅಂಗಡಿಯವನು ಐನೂರು ರೂಪಾಯಿಯ ಒಂದು ಕಾಗದವನ್ನು ಸಂತೋಷದಿಂದ ತೆಗೆದುಕೊಳ್ಳುತ್ತಾನೆ. ನಾಣ್ಯದಲ್ಲಿ ಅಷ್ಟೋ ಇಷ್ಟೋ ಲೋಹವಿದೆ. ನೋಟಿನಲ್ಲಿರುವುದು ಹತ್ತಿಯ ಕಾಗದ ಮತ್ತು ಶಾಯಿ. ಲೋಹವನ್ನು ನಂಬದವನು ಕಾಗದವನ್ನು ನಂಬುವುದು ಹೇಗೆ? ಕಾನೂನು ಎರಡನ್ನೂ ಒಪ್ಪಿಕೊಳ್ಳಬೇಕೆಂದೇ ಹೇಳುತ್ತದೆ. ಎಂದ ಮೇಲೆ ನಂಬಿಕೆಯನ್ನು ಹುಟ್ಟಿಸುವುದು ಬರೀ ಕಾನೂನಲ್ಲ ಎಂದಾಯಿತು.

ನೋಟನ್ನೇ ಕೈಗೆತ್ತಿಕೊಂಡು ನೋಡೋಣ. ಹಿಂಬದಿಯ ಭಾಷಾ ಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಮುಂಬದಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಒಂದು ವಾಕ್ಯವಿದೆ. ಈ ನೋಟನ್ನು ಹೊಂದಿರುವವರಿಗೆ ಇಷ್ಟು ರೂಪಾಯಿ ಪಾವತಿ ಮಾಡುವುದಾಗಿ ವಚನ ಕೊಡುತ್ತೇನೆ ಎಂಬುದು ಅದರ ಅರ್ಥ. ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಸಹಿ. ಒಂದು ರೂಪಾಯಿ ನೋಟಿನ ಮೇಲೆ ಮಾತ್ರ ಈ ವಚನ ಇಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಾಕುವವರು ಹಣಕಾಸು ಕಾರ್ಯದರ್ಶಿ. ಕಾನೂನಿನ ಕಣ್ಣಿಗೆ ಅದೊಂದು ನಾಣ್ಯ, ಕಾಗದದ ರೂಪದಲ್ಲಿದೆ ಅಷ್ಟೆ.

ಹಾಗಾದರೆ ನೂರು ರೂಪಾಯಿಯ ನೋಟನ್ನು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಗೆ ಒಯ್ದು 'ವಚನ ಪಾಲಿಸಿ' ಎಂದು ಕೇಳಿದರೆ ಏನು ಸಿಗುತ್ತದೆ? ಚಿನ್ನ ಸಿಗುವುದಿಲ್ಲ, ಬೆಳ್ಳಿಯೂ ಇಲ್ಲ. ಇನ್ನೊಂದು ನೂರರ ನೋಟೋ, ಎರಡು ಐವತ್ತರ ನೋಟುಗಳೋ, ನಾಣ್ಯಗಳೋ ಸಿಗುತ್ತವೆ. ಕಾಗದಕ್ಕೆ ಕಾಗದವೇ ಉತ್ತರ. ಇದನ್ನು ಕೇಳಿ ನಗುವವರಿದ್ದಾರೆ. ಆದರೆ ನಗುವ ಮೊದಲು ಈ ವಚನ ನಿಜಕ್ಕೂ ಬೆಳ್ಳಿಯ ವಚನವಾಗಿದ್ದ ಕಾಲವನ್ನು ನೋಡಬೇಕು. ಆಗ ಜನರ ನಂಬಿಕೆ ಈಗಿಗಿಂತ ಗಟ್ಟಿಯಾಗಿತ್ತು ಎಂದು ತಿಳಿದರೆ ಅದು ತಪ್ಪು.

1861ಕ್ಕೆ ಮೊದಲು ಕಲ್ಕತ್ತ, ಬೊಂಬಾಯಿ, ಮದ್ರಾಸಿನ ಪ್ರೆಸಿಡೆನ್ಸಿ ಬ್ಯಾಂಕುಗಳು ತಮ್ಮ ತಮ್ಮ ನೋಟುಗಳನ್ನು ಹೊರಡಿಸುತ್ತಿದ್ದವು. ಆ ವರ್ಷದ ಕಾಗದ ಹಣದ ಕಾಯಿದೆ ಆ ಹಕ್ಕನ್ನು ಸರ್ಕಾರದ ಕೈಗೆ ಕೊಟ್ಟಿತು. ದೇಶವನ್ನು ವೃತ್ತಗಳಾಗಿ ವಿಂಗಡಿಸಲಾಯಿತು. ಮದ್ರಾಸ್ ವೃತ್ತದ ನೋಟಿಗೆ ಮದ್ರಾಸ್ ವೃತ್ತದಲ್ಲೇ ಮಾನ್ಯತೆ, ಅಲ್ಲಿನ ಕಚೇರಿಯಲ್ಲೇ ಬೆಳ್ಳಿ ರೂಪಾಯಿ. ಅದೇ ನೋಟನ್ನು ಕಲ್ಕತ್ತೆಗೆ ಒಯ್ದರೆ ಸರಾಫನು ವಟ್ಟ ಮುರಿದುಕೊಂಡು ಹಣ ಕೊಡುತ್ತಿದ್ದ. ಒಂದೇ ಸರ್ಕಾರದ ಒಂದೇ ಮೊತ್ತದ ನೋಟಿಗೆ ಊರಿಗೊಂದು ಬೆಲೆ! ಜನ ಅದನ್ನು ಇಷ್ಟಪಡದೇ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. 1903ರಲ್ಲಿ ಐದು ರೂಪಾಯಿ ನೋಟಿಗೆ ಬರ್ಮಾ ಬಿಟ್ಟು ಉಳಿದೆಲ್ಲ ಕಡೆ ಮಾನ್ಯತೆ ಸಿಕ್ಕಿತು. 1910ರಲ್ಲಿ ಹತ್ತು ಮತ್ತು ಐವತ್ತರ ನೋಟುಗಳಿಗೆ, 1911ರಲ್ಲಿ ನೂರರ ನೋಟಿಗೆ. ನೋಟಿನ ಬಳಕೆ ಹಳ್ಳಿಗಳಿಗೆ ಹಬ್ಬತೊಡಗಿದ್ದು ಆ ಬಳಿಕವೇ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬೆಳ್ಳಿಯ ಬೆಲೆ ಏರುತ್ತ ಹೋಯಿತು. ನಾಣ್ಯ ಟಂಕಿಸಲು ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರ್‌ನಲ್ಲಿ ಒಂದು ರೂಪಾಯಿಯ ನೋಟು ಹೊರಡಿಸಿತು. ಎರಡೂವರೆ ರೂಪಾಯಿಯ ನೋಟು ಕೂಡ ಬಂತು. 1918ರ ವಸಂತದಲ್ಲಿ ಜರ್ಮನರು ಪಶ್ಚಿಮ ರಂಗದಲ್ಲಿ ಮುನ್ನುಗ್ಗಿದ ಸುದ್ದಿ ಇಲ್ಲಿಗೆ ಮುಟ್ಟಿದಾಗ ನೋಟು ಹಿಡಿದವರು ಕರೆನ್ಸಿ ಕಚೇರಿಗಳತ್ತ ಓಡಿದರು. ಬೆಳ್ಳಿ ಕೊಡಿ ಎಂದರು. ವಚನ ಲಿಖಿತವಾಗಿತ್ತು, ಆದರೆ ಖಜಾನೆಯಲ್ಲಿ ಬೆಳ್ಳಿ ಕರಗುತ್ತಿತ್ತು. ಕೊನೆಗೆ ಕೈಹಿಡಿದದ್ದು ಅಮೆರಿಕ. ನೆವಾಡಾದ ಸೆನೆಟರ್ ಪಿಟ್‌ಮನ್ ಹೆಸರಿನ ಕಾಯಿದೆ 1918ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅಮೆರಿಕದ ಖಜಾನೆಯಲ್ಲಿದ್ದ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕಾಗಿ ಮಾರಲಾಯಿತು. ಇಲ್ಲಿನ ರೈತನೊಬ್ಬ ತನ್ನ ಹತ್ತು ರೂಪಾಯಿ ನೋಟನ್ನು ನಂಬಬೇಕಾದರೆ ಅಮೆರಿಕದ ಡಾಲರು ಕರಗಬೇಕಾಗಿ ಬಂತು.

ಎರಡನೇ ಯುದ್ಧದಲ್ಲೂ ಹೀಗೆಯೇ ಆಯಿತು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಾಗ ಮತ್ತೆ ನೋಟು ಕೊಟ್ಟು ಬೆಳ್ಳಿ ರೂಪಾಯಿ ಪಡೆಯುವ ನೂಕುನುಗ್ಗಲು. ಸರ್ಕಾರ ನಾಣ್ಯ ಕೂಡಿಡುವುದನ್ನು ಅಪರಾಧವೆಂದು ಸಾರಿತು, ಒಂದು ರೂಪಾಯಿ ನೋಟನ್ನು ಮತ್ತೆ ತಂದಿತು, ನಾಣ್ಯದಲ್ಲಿದ್ದ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿತು. ಹಳೆಯ ರೂಪಾಯಿಗಳು ಅಜ್ಜಿಯರ ಗಂಟಿಗೆ, ಅಕ್ಕಸಾಲಿಗರ ಮೂಸೆಗೆ ಸೇರಿದವು. ಅಂದರೆ ಬೆಳ್ಳಿಯ ವಚನ ಒಳ್ಳೆಯ ದಿನಗಳಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕೆಟ್ಟ ದಿನ ಬಂದಾಗ ಎಲ್ಲರಿಗೂ ಒಟ್ಟಿಗೇ ಬೇಕಾಯಿತು. ಎಲ್ಲರೂ ಒಟ್ಟಿಗೆ ಕೇಳಿದರೆ ಪಾಲಿಸಲಾಗದ ವಚನ ಅದು.

ಈ ಎರಡು ನೂಕುನುಗ್ಗಲುಗಳ ನಡುವೆಯೇ ರಿಸರ್ವ್ ಬ್ಯಾಂಕ್ ಹುಟ್ಟಿದ್ದು. 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ಇಂಥದ್ದೊಂದು ಬ್ಯಾಂಕು ಬೇಕೆಂದು ಶಿಫಾರಸು ಮಾಡಿತ್ತು. 1934ರಲ್ಲಿ ಕಾಯಿದೆಯಾಯಿತು. 1935ರ ಏಪ್ರಿಲ್ 1ರಂದು ಬಾಗಿಲು ತೆರೆಯಿತು. ಆಗ ಅದು ಖಾಸಗಿ ಷೇರುದಾರರ ಬ್ಯಾಂಕು. ಐದು ಕೋಟಿ ರೂಪಾಯಿ ಬಂಡವಾಳ, ನೂರು ರೂಪಾಯಿಯ ಐದು ಲಕ್ಷ ಷೇರುಗಳು. ರಾಜಕಾರಣಿಗಳ ಕೈಗೆ ನೋಟಿನ ಅಚ್ಚುಯಂತ್ರ ಸಿಗದಿರಲಿ ಎಂಬುದು ಇದಕ್ಕೆ ಕೊಟ್ಟ ಕಾರಣ. ರಾಜಕಾರಣಿಗಳು ಎಂದರೆ ಆಗ ಭಾರತೀಯರು ಎಂದರ್ಥ! 1949ರ ಜನವರಿ 1ರಂದು ಬ್ಯಾಂಕಿನ ರಾಷ್ಟ್ರೀಕರಣವಾಯಿತು.

ಹೊಸ ಬ್ಯಾಂಕು ನೋಟಿಗೆ ಹಿನ್ನೆಲೆಯಾಗಿ ಮೊದಲು ಶೇಕಡಾ 40ರಷ್ಟು ಚಿನ್ನ ಮತ್ತು ಸ್ಟರ್ಲಿಂಗ್ ಪತ್ರಗಳನ್ನು ಇಟ್ಟುಕೊಳ್ಳಬೇಕಿತ್ತು. ಪಂಚವಾರ್ಷಿಕ ಯೋಜನೆಗಳು ಬಂದು ವಿದೇಶಿ ವಿನಿಮಯ ಕರಗಿದಾಗ, 1956 ಮತ್ತು 1957ರ ತಿದ್ದುಪಡಿಗಳಲ್ಲಿ ಈ ಲೆಕ್ಕವನ್ನೇ ಬಿಟ್ಟುಬಿಡಲಾಯಿತು. ಒಟ್ಟು 200 ಕೋಟಿ ರೂಪಾಯಿಯ ಚಿನ್ನ ಮತ್ತು ವಿದೇಶಿ ಪತ್ರಗಳಿದ್ದರೆ ಸಾಕು, ಅದರಲ್ಲಿ 115 ಕೋಟಿಯದು ಚಿನ್ನವಾಗಿರಬೇಕು ಎಂಬ ಕನಿಷ್ಠ ಮಿತಿ ಉಳಿಯಿತು. ಚಲಾವಣೆಯ ನೋಟುಗಳ ಮೊತ್ತ ಲಕ್ಷ ಲಕ್ಷ ಕೋಟಿ ದಾಟಿದ ಮೇಲೂ ಕಾನೂನಿನ ಈ ಮಿತಿ ಬೆಳೆದಿಲ್ಲ. ವಾಸ್ತವದಲ್ಲಿ ಬ್ಯಾಂಕಿನ ಬಳಿ ಇರುವ ಚಿನ್ನ ಮತ್ತು ಡಾಲರು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು, ಆ ಮಾತು ಬೇರೆ. ಮಿತಿ ಇಳಿದ ಸುದ್ದಿ ಕೇಳಿ ಯಾರೂ ನೋಟು ಬದಲಿಸಲು ಓಡಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಜನ ಅಷ್ಟು ಹೊತ್ತಿಗೆ ಬೆಳ್ಳಿಯನ್ನು ಬಿಟ್ಟು ಬೇರೆ ಯಾವುದನ್ನೋ ನಂಬಲು ಕಲಿತಿದ್ದರು.

ಯಾವುದನ್ನು? ಇದಕ್ಕೆ ಉತ್ತರ ಹುಡುಕಲು ನೋಟಿನಿಂದ ಠೇವಣಿಯ ಕಡೆಗೆ ಹೊರಳಬೇಕು.

ಹಣವನ್ನು ಇನ್ನೊಬ್ಬರ ಕೈಗೆ ಕೊಟ್ಟು ನಿದ್ದೆ ಮಾಡುವುದು ಸುಲಭದ ಮಾತಲ್ಲ. 1906ರಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾಗಿ ದಕ್ಷಿಣದ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕಟ್ಟಿದ ಸಂಸ್ಥೆಗಳೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಆದವು. ಅಲ್ಲಿ ಠೇವಣಿದಾರ ನಂಬಿದ್ದು ಕಾನೂನನ್ನಲ್ಲ, ರಾಯರನ್ನು ಮತ್ತು ಸಾಹೇಬರನ್ನು. ಅವರ ಮನೆ ಗೊತ್ತು, ಮಾತು ಗೊತ್ತು. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಸಂಗ್ರಹಿಸಲು ಮನೆಬಾಗಿಲಿಗೆ ಬರುತ್ತಿದ್ದವನೂ ಪರಿಚಯದವನೇ. ಕರಾವಳಿಯ ಬ್ಯಾಂಕುಗಳು ಬೆಳೆದದ್ದು ಹೀಗೆ. (ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳೆರಡೂ 2020ರ ವಿಲೀನದಲ್ಲಿ ಹೆಸರು ಕಳೆದುಕೊಂಡವು.)

ಪರಿಚಯದ ನಂಬಿಕೆಗೆ ಒಂದು ಮಿತಿ ಇದೆ. ಬ್ಯಾಂಕು ಊರು ದಾಟಿ ಬೆಳೆದ ಮೇಲೆ ಮುಖ ಕಾಣುವುದಿಲ್ಲ. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಮತ್ತು ಕ್ವಿಲಾನ್ ಬ್ಯಾಂಕ್ ಬಾಗಿಲು ಹಾಕಿತು. ಮೂರು ವರ್ಷದ ಕೂಸಾಗಿದ್ದ ರಿಸರ್ವ್ ಬ್ಯಾಂಕ್ ಅದಕ್ಕೆ ನೆರವು ನೀಡಲಿಲ್ಲ. ಟೀಕೆ ಬಂತು. ಎರಡು ದಶಕಗಳ ನಂತರ, 1960ರ ಆಗಸ್ಟ್‌ನಲ್ಲಿ, ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕನ್ನು ಮುಚ್ಚಿಸಲು ಸ್ವತಃ ರಿಸರ್ವ್ ಬ್ಯಾಂಕೇ ಹೈಕೋರ್ಟಿಗೆ ಹೋಯಿತು. ಆ ಬ್ಯಾಂಕು ಒಳಗೊಳಗೇ ಹಾಳಾಗಿರುವುದು ಪರಿಶೀಲನೆ ಮಾಡಿದವರಿಗೆ ಮುಂಚೆಯೇ ಗೊತ್ತಿತ್ತು, ಠೇವಣಿದಾರರಿಗೆ ಗೊತ್ತಿರಲಿಲ್ಲ. 'ಗೊತ್ತಿದ್ದರೆ ಮೊದಲೇ ಏಕೆ ಹೇಳಲಿಲ್ಲ?' ಎಂದು ಜನ ಕೇಳಿದರು. ಆ ಪ್ರಶ್ನೆಗೆ ಒಳ್ಳೆಯ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಮೊದಲೇ ಹೇಳಿದರೆ ಜನ ಓಡಿಬಂದು ಬ್ಯಾಂಕು ಅಂದೇ ಬೀಳುತ್ತದೆ. ಹೇಳದಿದ್ದರೆ ನಂಬಿದವನು ಕೆಡುತ್ತಾನೆ.

ಪಾಲೈ ಪ್ರಕರಣದ ಫಲವಾಗಿ ಠೇವಣಿ ವಿಮೆ ಬಂತು. 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1500 ರೂಪಾಯಿವರೆಗೆ ಖಾತ್ರಿ. ಆ ಮಿತಿ 1993ರಲ್ಲಿ ಒಂದು ಲಕ್ಷಕ್ಕೆ, 2020ರ ಫೆಬ್ರುವರಿಯಲ್ಲಿ ಐದು ಲಕ್ಷಕ್ಕೆ ಏರಿತು. ಆ ಕೊನೆಯ ಏರಿಕೆಗೆ ಒಂದು ತಿಂಗಳು ಮುಂಚೆ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತ್ತು. ಠೇವಣಿದಾರರು ತೆಗೆಯಬಹುದಾಗಿದ್ದುದು 35 ಸಾವಿರ ರೂಪಾಯಿ ಮಾತ್ರ. ಅವರಲ್ಲಿ ನಿವೃತ್ತರೇ ಬಹಳ. ಜೀವಮಾನದ ಗಳಿಕೆಯನ್ನು ಇಟ್ಟವರಿಗೆ ನಿರ್ಬಂಧ ತಮ್ಮ ರಕ್ಷಣೆಗೇ ಎಂದು ಹೇಳಿದರೆ ಅರ್ಥವಾಗುವುದು ಕಷ್ಟ. 2021ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಇಂಥ ನಿರ್ಬಂಧಕ್ಕೊಳಗಾದ ಬ್ಯಾಂಕುಗಳ ಠೇವಣಿದಾರರಿಗೂ ವಿಮೆಯ ಹಣ 90 ದಿನಗಳಲ್ಲಿ ಸಿಗಬೇಕೆಂದಾಯಿತು.

ವದಂತಿಯನ್ನು ಒಂದು ಹೇಳಿಕೆಯಿಂದಲೇ ನಿಲ್ಲಿಸಿದ ಉದಾಹರಣೆಗಳೂ ಇವೆ. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಕುಸಿದಾಗ ಇಲ್ಲಿ ಐಸಿಐಸಿಐ ಬ್ಯಾಂಕಿನ ಬಗ್ಗೆ ಗುಲ್ಲೆದ್ದಿತು. ಎಟಿಎಂಗಳ ಮುಂದೆ ಸಾಲು ಬೆಳೆಯಿತು. ಆ ಬ್ಯಾಂಕಿನ ಬಳಿ ಸಾಕಷ್ಟು ಹಣವಿದೆ ಎಂದು ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿತು, ಸಾಲು ಕರಗಿತು. ಹತ್ತು ರೂಪಾಯಿ ನಾಣ್ಯದ ವಿಷಯದಲ್ಲಿ ನಡೆಯದ ಮಾತು ಇಲ್ಲಿ ನಡೆಯಿತು. ನಾಣ್ಯದಲ್ಲಿ ಅಂಗಡಿಯವನು ನೋಡುವುದು ಮುಂದಿನ ಗಿರಾಕಿಯ ಮುಖವನ್ನು. ಬ್ಯಾಂಕಿನ ವಿಷಯದಲ್ಲಿ ಸಾಲಿನಲ್ಲಿ ನಿಂತವನು ನೋಡುವುದು ಕೌಂಟರಿನಲ್ಲಿ ಹಣ ಇದೆಯೇ ಎಂದು. ಇದ್ದರೆ ಅವನಿಗೆ ಅದು ಬೇಡವಾಗುತ್ತದೆ.

ಇದೆಲ್ಲ ಸರಿ. ಆದರೆ ಕೇಂದ್ರ ಬ್ಯಾಂಕಿನ ಮೇಲಿನ ನಂಬಿಕೆಯಲ್ಲಿ ಅತಿ ಸೂಕ್ಷ್ಮವಾದ ಭಾಗ ಬೇರೆ ಇದೆ. ಸರ್ಕಾರ ಹಣ ಕೇಳಿದಾಗ ಬ್ಯಾಂಕು 'ಆಗದು' ಎನ್ನಬಲ್ಲುದೇ ಎಂಬುದೇ ಆ ಭಾಗ. ಈ ಪ್ರಶ್ನೆಯನ್ನು ಸ್ವತಂತ್ರ ಭಾರತದಲ್ಲಿ ಮೊದಲು ಎದುರಿಸಿದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ರಾಮರಾವ್.

ಬೆನಗಲ್ ಮನೆತನದ ಸಹೋದರರು ಪ್ರಸಿದ್ಧರು. ಸಂವಿಧಾನ ರಚನಾ ಸಭೆಯ ಸಲಹೆಗಾರ ಬಿ.ಎನ್. ರಾವ್ ಒಬ್ಬರು, ಪತ್ರಕರ್ತ ಬಿ. ಶಿವರಾವ್ ಇನ್ನೊಬ್ಬರು. ಐಸಿಎಸ್ ಅಧಿಕಾರಿಯಾಗಿ, ಅಮೆರಿಕದಲ್ಲಿ ರಾಯಭಾರಿಯಾಗಿ ಕೆಲಸ ಮಾಡಿದ್ದ ರಾಮರಾವ್ 1949ರ ಜುಲೈಯಲ್ಲಿ ಗವರ್ನರ್ ಆದರು. ಏಳೂವರೆ ವರ್ಷ ಆ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘ ಕಾಲ ಇದ್ದವರು ಇನ್ನೊಬ್ಬರಿಲ್ಲ. 1956ರಲ್ಲಿ ಟಿ.ಟಿ. ಕೃಷ್ಣಮಾಚಾರಿ ಹಣಕಾಸು ಸಚಿವರಾದರು. ಮಾತು ಹರಿತ, ಬುದ್ಧಿಯೂ ಹರಿತ. ಆ ವರ್ಷದ ಕೊನೆಯಲ್ಲಿ ಅವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ನೋಡಲು ಇದೊಂದು ಸಣ್ಣ ತೆರಿಗೆ. ಆದರೆ ಬ್ಯಾಂಕುಗಳು ಹುಂಡಿಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುತ್ತಿದ್ದುದರಿಂದ, ಅದರ ಪರಿಣಾಮ ಬಡ್ಡಿ ದರ ಏರಿಸಿದಂತೆಯೇ ಆಯಿತು. ಬಡ್ಡಿ ದರ ನಿರ್ಧರಿಸುವುದು ಯಾರ ಕೆಲಸ? ಕಾಯಿದೆಯ ಪ್ರಕಾರ ಬ್ಯಾಂಕಿನದು. ರಾಮರಾವ್ ಆಕ್ಷೇಪಿಸಿದರು. ರಿಸರ್ವ್ ಬ್ಯಾಂಕ್ ಹಣಕಾಸು ಇಲಾಖೆಯ ಒಂದು ವಿಭಾಗವಷ್ಟೇ ಎಂಬ ಧಾಟಿಯಲ್ಲಿ ಸಚಿವರು ಮಾತಾಡಿದರು. ಅದೂ ಒರಟಾಗಿ ಎಂಬುದು ರಾಮರಾವ್ ಅವರ ದೂರು.

ವಿಷಯ ಪ್ರಧಾನಿ ನೆಹರೂ ಬಳಿಗೆ ಹೋಯಿತು. ಬ್ಯಾಂಕು ಸ್ವಾಯತ್ತ ನಿಜ, ಆದರೆ ಸರ್ಕಾರದ ನೀತಿಗೆ ವಿರುದ್ಧವಾಗಿ ನಡೆಯಲಾಗದು ಎಂಬುದು ಅವರ ನಿಲುವು. ಅವರು ಸಚಿವರ ಪಕ್ಷ ವಹಿಸಿದರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟು ಹೊರನಡೆದರು. ಅದೇ ವರ್ಷದ ಮೇ ತಿಂಗಳಲ್ಲಿ ಬ್ಯಾಂಕ್ ದರ ಶೇಕಡಾ ಮೂರೂವರೆಯಿಂದ ನಾಲ್ಕಕ್ಕೆ ಏರಿತು, ಮುದ್ರಾಂಕ ಶುಲ್ಕ ಇಳಿಯಿತು. ಅಂದರೆ ಬಡ್ಡಿ ಏರಬೇಕೆಂಬ ಸಚಿವರ ಅಭಿಪ್ರಾಯ ತಪ್ಪಾಗಿರಲಿಲ್ಲ. ಅದನ್ನು ಏರಿಸುವ ಕೈ ಯಾರದಾಗಿರಬೇಕು ಎಂಬುದೇ ಜಗಳವಾಗಿತ್ತು. ಅಂಥ ವಿಷಯಕ್ಕೆ ಯಾರಾದರೂ ಕುರ್ಚಿ ಬಿಡುತ್ತಾರೆಯೇ ಎಂದು ಆಗ ಕೆಲವರಿಗೆ ಅನ್ನಿಸಿದ್ದರೆ ಅಚ್ಚರಿಯಿಲ್ಲ. ಮರುವರ್ಷ, 1958ರ ಫೆಬ್ರುವರಿಯಲ್ಲಿ, ಮುಂದ್ರಾ ಹಗರಣದ ಕಾರಣ ಕೃಷ್ಣಮಾಚಾರಿಯವರೂ ಮಂತ್ರಿಪದವಿ ಬಿಟ್ಟರು.

ರಾಮರಾವ್ ಹೋದ ಮೇಲೆ ನಾಲ್ಕು ದಶಕ ಪ್ರಶ್ನೆ ಹಾಗೆಯೇ ಉಳಿಯಿತು. ಸರ್ಕಾರದ ಖಾತೆಯಲ್ಲಿ ಹಣ ಕಡಿಮೆಯಾದಾಗಲೆಲ್ಲ ರಿಸರ್ವ್ ಬ್ಯಾಂಕ್ ತಾನಾಗಿಯೇ ಅದನ್ನು ತುಂಬಿಕೊಡುವ ಏರ್ಪಾಡು 1955ರಿಂದ ನಡೆದುಬಂದಿತ್ತು. ಅಡ್‌ಹಾಕ್ ಖಜಾನೆ ಹುಂಡಿ ಎಂದು ಅದಕ್ಕೆ ಹೆಸರು. ತಾತ್ಕಾಲಿಕ ಎಂದು ಹೇಳಿಕೊಂಡು ಬಂದದ್ದು ಶಾಶ್ವತವಾಗಿ ಕೂತಿತು. ಸರ್ಕಾರದ ಕೊರತೆ ಹೊಸ ನೋಟಾಗಿ ಪೇಟೆಗೆ ಬಂದು, ಅಕ್ಕಿ ಬೇಳೆಯ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. 1974ರಲ್ಲಿ ಬೆಲೆಯೇರಿಕೆ ಶೇಕಡಾ 20 ದಾಟಿದ್ದಕ್ಕೆ ಬರ ಮತ್ತು ತೈಲದ ಜೊತೆಗೆ ಇದೂ ಒಂದು ಕಾರಣ. 1994ರಲ್ಲಿ ಹಣಕಾಸು ಸಚಿವ ಮನಮೋಹನ್ ಸಿಂಗ್ ಮತ್ತು ಗವರ್ನರ್ ಸಿ. ರಂಗರಾಜನ್ ಅವರ ಕಾಲದಲ್ಲಿ ಒಪ್ಪಂದವಾಗಿ, 1997ರ ಏಪ್ರಿಲ್‌ನಿಂದ ಈ ಪದ್ಧತಿ ನಿಂತಿತು. 1982ರಿಂದ 1985ರವರೆಗೆ ಗವರ್ನರ್ ಆಗಿ ನೋಟುಗಳಿಗೆ ಸಹಿ ಹಾಕಿದ್ದವರೂ ಇದೇ ಮನಮೋಹನ್ ಸಿಂಗ್. ಮೇಜಿನ ಎರಡೂ ಬದಿ ಕಂಡಿದ್ದವರು.

ಕಾನೂನಿನಲ್ಲಿ ಸ್ವಾತಂತ್ರ್ಯ ಬರೆದ ಮಾತ್ರಕ್ಕೆ ಆಯಿತೇ? ಜರ್ಮನಿಯ ಕತೆ ಇಲ್ಲ ಎನ್ನುತ್ತದೆ. ಅಲ್ಲಿನ ಕೇಂದ್ರ ಬ್ಯಾಂಕಿಗೆ ಸರ್ಕಾರದಿಂದ ಸ್ವಾತಂತ್ರ್ಯ ಕೊಡುವ ಕಾನೂನು 1922ರಲ್ಲೇ ಬಂದಿತ್ತು. ಮರುವರ್ಷವೇ ಅದು ಅಚ್ಚು ಹಾಕಿದ ಮಾರ್ಕುಗಳು ರದ್ದಿಗೂ ಬೇಡವಾದವು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕು!

1991ರ ಬೇಸಿಗೆ ಹೊತ್ತಿಗೆ ಭಾರತದ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ವಿನಿಮಯ ಉಳಿದಿತ್ತು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳಿಸಿ, ಅದನ್ನು ಅಡವಿಟ್ಟು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 40 ಕೋಟಿ ಡಾಲರು ಸಾಲ ಪಡೆಯಿತು. ಸುದ್ದಿ ಹೊರಬಿದ್ದಾಗ ದೇಶಕ್ಕೆ ದೇಶವೇ ಅವಮಾನದಿಂದ ಕುದಿಯಿತು. ಚಿನ್ನ ಅಡವಿಡುವುದೆಂದರೆ ಏನೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಮನೆಯ ಮಾನ ಹೋಯಿತೆಂದೇ ಅರ್ಥ. ಆದರೆ ಆ ದಿನಗಳಲ್ಲೂ ಒಳನಾಡಿನಲ್ಲಿ ಯಾರೂ ರೂಪಾಯಿ ನೋಟನ್ನು ನಿರಾಕರಿಸಲಿಲ್ಲ. ಹೊರಗಿನ ಸಾಲಗಾರರಿಗೆ ಚಿನ್ನ ಕಾಣಿಸಬೇಕಾಯಿತು, ಒಳಗಿನವರಿಗೆ ಬೇಕಾಗಲಿಲ್ಲ. 2009ರಲ್ಲಿ ಇದೇ ಬ್ಯಾಂಕು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಕೊಂಡಿತು.

ನಂಬಿಕೆಯ ದಿನನಿತ್ಯದ ಪರೀಕ್ಷೆ ನಡೆಯುವುದು ಮಾರುಕಟ್ಟೆಯಲ್ಲಿ. 2016ರಲ್ಲಿ ಕಾಯಿದೆ ತಿದ್ದಿ ರಿಸರ್ವ್ ಬ್ಯಾಂಕಿಗೆ ಒಂದು ಗುರಿ ಕೊಡಲಾಯಿತು. ಬೆಲೆಯೇರಿಕೆ ಶೇಕಡಾ 4ರ ಆಸುಪಾಸಿನಲ್ಲಿರಬೇಕು, ಎರಡಕ್ಕಿಂತ ಕೆಳಗೆ ಅಥವಾ ಆರಕ್ಕಿಂತ ಮೇಲೆ ಹೋಗಬಾರದು. ಬಡ್ಡಿ ದರ ನಿರ್ಧರಿಸಲು ಆರು ಜನರ ಸಮಿತಿ. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಬ್ಯಾಂಕು ಸರ್ಕಾರಕ್ಕೆ ಕಾರಣ ಬರೆದು ತಿಳಿಸಬೇಕು. ಉಕ್ರೇನ್ ಯುದ್ಧದ ವರ್ಷವಾದ 2022ರಲ್ಲಿ ಹಾಗೆಯೇ ಆಯಿತು. ಬ್ಯಾಂಕು ಪತ್ರ ಬರೆಯಿತು. ಆದರೆ ಆಗ ಆ ಪತ್ರವನ್ನು ಬಹಿರಂಗ ಮಾಡಲಿಲ್ಲ. ತಪ್ಪಿದ್ದು ಏಕೆಂದು ತಿಳಿಯುವ ಹಕ್ಕು ಬೆಲೆ ತೆತ್ತವರಿಗೆ ಇರಲಿಲ್ಲವೇ ಎಂದು ಕೇಳಿದವರ ಮಾತಿನಲ್ಲಿ ತೂಕವಿದೆ.

ನಗರಗಳ ಸಾವಿರಾರು ಮನೆಗಳಲ್ಲಿ 'ಬೆಲೆ ಮುಂದೆ ಎಷ್ಟು ಏರಬಹುದು?' ಎಂದು ಕೇಳುವ ಸಮೀಕ್ಷೆಯನ್ನು ಬ್ಯಾಂಕು 2005ರಿಂದ ನಡೆಸಿಕೊಂಡು ಬಂದಿದೆ. ಮನೆಯವರು ಹೇಳುವ ಅಂಕಿ ಸರ್ಕಾರಿ ಅಂಕಿಗಿಂತ ಸಾಮಾನ್ಯವಾಗಿ ಮೇಲೇ ಇರುತ್ತದೆ. ಜನ ಸುಳ್ಳು ಹೇಳುತ್ತಾರೆಂದಲ್ಲ. ಅವರ ನೆನಪಿನಲ್ಲಿ ಉಳಿಯುವುದು ವಾರವಾರ ಕೊಳ್ಳುವ ಟೊಮೆಟೊ, ಹಾಲು, ಅಡುಗೆ ಎಣ್ಣೆ. ಸೂಚ್ಯಂಕದಲ್ಲಿ ಇವುಗಳ ಜೊತೆ ಬಟ್ಟೆ, ಬಾಡಿಗೆ, ಔಷಧಿ ಎಲ್ಲವೂ ಬೆರೆತಿರುತ್ತವೆ. ಬೆಲೆ ಏರೀತೆಂದು ಎಲ್ಲರೂ ನಂಬಿದರೆ ಕೂಲಿ, ಬಾಡಿಗೆ, ಸರಕು ಎಲ್ಲಕ್ಕೂ ಮುಂಚಿತವಾಗಿಯೇ ಹೆಚ್ಚು ಕೇಳುತ್ತಾರೆ, ಬೆಲೆ ಏರಿಯೇ ಏರುತ್ತದೆ. ಆದ್ದರಿಂದಲೇ ಬ್ಯಾಂಕಿಗೆ ಗೃಹಿಣಿಯ ಅಂದಾಜಿನ ಮೇಲೆ ಅಷ್ಟು ಆಸಕ್ತಿ.

ಇನ್ನು 2016ರ ನವೆಂಬರ್ 8. ಅಂದು ರಾತ್ರಿ 500 ಮತ್ತು 1000 ರೂಪಾಯಿ ನೋಟುಗಳ ಮಾನ್ಯತೆ ರದ್ದಾಯಿತು. ಇಂಥದ್ದು 1946ರಲ್ಲೂ 1978ರಲ್ಲೂ ನಡೆದಿತ್ತು. ಆದರೆ ಆಗ ರದ್ದಾದ 1000, 5000, 10000ದ ನೋಟುಗಳನ್ನು ಸಾಮಾನ್ಯರು ಕಣ್ಣಿನಿಂದಲೂ ಕಂಡಿರಲಿಲ್ಲ. ಈ ಬಾರಿ ರದ್ದಾದದ್ದು ಚಲಾವಣೆಯ ಮೌಲ್ಯದ ಶೇಕಡಾ 86. ಕೂಲಿಯವನ ಕಿಸೆಯಲ್ಲಿದ್ದುದು, ಸಾಸಿವೆ ಡಬ್ಬಿಯಲ್ಲಿ ಗಂಡನಿಗೆ ತಿಳಿಯದಂತೆ ಇಟ್ಟಿದ್ದುದು, ಮದುವೆಗೆಂದು ತೆಗೆದಿಟ್ಟದ್ದು ಎಲ್ಲವೂ ಬಂತು. ನೋಟುಗಳ ಮೇಲಿನ ವಚನಕ್ಕೆ ಕೊನೆಯ ದಿನಾಂಕ ಇರಬಹುದೆಂದು ಆವರೆಗೆ ಯಾರೂ ಯೋಚಿಸಿರಲಿಲ್ಲ. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ಮರಳಿ ಬಂತೆಂದು ಬ್ಯಾಂಕಿನ ವಾರ್ಷಿಕ ವರದಿ 2018ರಲ್ಲಿ ಹೇಳಿತು. ಆ ರಾತ್ರಿಗೆ ಮುಂಚೆ ನಡೆದ ನಿರ್ದೇಶಕ ಮಂಡಳಿಯ ಸಭೆಯ ನಡಾವಳಿ ಆಮೇಲೆ ಹೊರಬಂತು. ಕಪ್ಪುಹಣದ ಬಹುಪಾಲು ನಗದಿನಲ್ಲಿಲ್ಲ, ಚಿನ್ನ ಮತ್ತು ಆಸ್ತಿಯಲ್ಲಿದೆ ಎಂಬ ಮಾತು ಅಲ್ಲಿಯೇ ದಾಖಲಾಗಿತ್ತು. ಆದರೂ ಮಂಡಳಿ ಒಪ್ಪಿಗೆ ಕೊಟ್ಟಿತ್ತು.

ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಜನವರಿ 2ರಂದು ಐವರು ನ್ಯಾಯಮೂರ್ತಿಗಳ ಪೀಠ ನಾಲ್ಕು-ಒಂದರ ಬಹುಮತದಲ್ಲಿ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಪೀಠದ ಮುಖ್ಯಸ್ಥರು ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್. ಭಿನ್ನ ತೀರ್ಪು ಬರೆದ ಒಬ್ಬರೇ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಅವರೂ ಕರ್ನಾಟಕದವರೇ. ಇಷ್ಟು ದೊಡ್ಡ ಕ್ರಮವನ್ನು ಅಧಿಸೂಚನೆಯಿಂದಲ್ಲ, ಸಂಸತ್ತಿನ ಕಾನೂನಿನಿಂದ ಮಾಡಬೇಕಿತ್ತು ಎಂದರು. ಪ್ರಸ್ತಾಪ ಹೊರಟದ್ದು ಸರ್ಕಾರದಿಂದ, ಒಂದೇ ದಿನದಲ್ಲಿ ಒಪ್ಪಿದ ಬ್ಯಾಂಕು ಸ್ವತಂತ್ರವಾಗಿ ಯೋಚಿಸಿದ್ದಕ್ಕೆ ಕುರುಹಿಲ್ಲ ಎಂದೂ ಬರೆದರು. ಬೆನಗಲ್ ರಾಮರಾವ್ 1957ರಲ್ಲಿ ಎತ್ತಿದ ಪ್ರಶ್ನೆ 66 ವರ್ಷದ ಬಳಿಕ ನ್ಯಾಯಾಲಯದ ಕಾಗದದ ಮೇಲೆ ಮತ್ತೆ ಬಂದಿತ್ತು.

ಆ ವರ್ಷವೇ ಮೇ 19ರಂದು 2000 ರೂಪಾಯಿ ನೋಟನ್ನು ವಾಪಸು ಪಡೆಯುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ಈ ಸಲ ಭಾಷೆ ಬೇರೆಯಾಗಿತ್ತು. ನೋಟಿನ ಕಾನೂನು ಮಾನ್ಯತೆ ಹಾಗೆಯೇ ಮುಂದುವರಿಯುತ್ತದೆ, ಗಾಬರಿ ಬೇಡ, ಬದಲಿಸಿಕೊಳ್ಳಲು ತಿಂಗಳುಗಳ ಸಮಯವಿದೆ ಎಂದಿತು. ಆಗ ಚಲಾವಣೆಯಲ್ಲಿದ್ದ 3.56 ಲಕ್ಷ ಕೋಟಿ ರೂಪಾಯಿಯಲ್ಲಿ ಶೇಕಡಾ 98ಕ್ಕೂ ಹೆಚ್ಚು ಭಾಗ ಮರಳಿತು. ಮಾನ್ಯತೆ ಇದ್ದರೂ ಪೆಟ್ರೋಲ್ ಬಂಕಿನವರು, ಅಂಗಡಿಯವರು ಆ ನೋಟು ಕಂಡರೆ ಮುಖ ಸಿಂಡರಿಸತೊಡಗಿದ್ದರು. ಒಮ್ಮೆ ಸುಟ್ಟ ಕೈ ಅದು.

ಸಮಯದೊಳಗೆ ಬ್ಯಾಂಕಿಗೆ ಹೋಗಲಾಗದವರಿಗೆ 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ದಾರಿ ತೆರೆಯಿತು. ಬೆಂಗಳೂರು ಸೇರಿದಂತೆ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಯಾವುದಕ್ಕಾದರೂ ನೋಟನ್ನು ಅಂಚೆಯಲ್ಲಿ ಕಳಿಸಬಹುದು, ಮೊತ್ತ ಅವರ ಬ್ಯಾಂಕು ಖಾತೆಗೆ ಜಮೆಯಾಗುತ್ತದೆ. ದೂರದ ಹಳ್ಳಿಯಲ್ಲಿ ಹಳೆಯ ಟ್ರಂಕಿನ ತಳದಲ್ಲಿ ಅಂಥ ಎರಡು ನೋಟು ಸಿಕ್ಕವರು ಅರ್ಜಿ ತುಂಬಿ, ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ತಾವೆಂದೂ ಕಾಣದ ನೃಪತುಂಗ ರಸ್ತೆಯ ಕಚೇರಿಯ ವಿಳಾಸ ಬರೆದು, ಲಕೋಟೆಯನ್ನು ಅಂಚೆ ಕಚೇರಿಯ ಕಿಟಕಿಯೊಳಗೆ ನೀಡಬಹುದು. ಕೈಗೆ ಸಿಗುವುದು ಒಂದು ರಸೀದಿ.